ಒಂದಾದರೆ ಸೀರಮ್, ಎಂಟಾದರೆ ಸೀರಾ

ಹುಕ್ಕೇರಿಯ ಸಾತಪ್ಪ ಸತ್ತದ್ದು ಸೋಮವಾರ ಬೆಳಿಗ್ಗೆ. ತೊಡೆಸಂದಿನ ಗಂಟಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಎಂಟು ದಿನ ಚೆನ್ನಾಗಿಯೇ ಇದ್ದ. ಒಂಬತ್ತನೆಯ ದಿನ ಬಾಯಿ ತೆರೆಯಲು ಬರಲಿಲ್ಲ. ಹತ್ತನೆಯ ದಿನ ಬೆನ್ನು ಬಿಲ್ಲಿನಂತೆ ಬಾಗಿತು. ಹನ್ನೊಂದನೆಯ ದಿನ ಮುಗಿಯಿತು. ಅವನು ಊರಿನಿಂದ ತಂದ ಕಾಯಿಲೆ ಒಂದು, ಅವನನ್ನು ಒಯ್ದ ಕಾಯಿಲೆ ಇನ್ನೊಂದು. ಎರಡನೆಯದು ಅವನಿಗೆ ಸಿಕ್ಕದ್ದು ಇಲ್ಲೇ, ಗೋಕಾಕದಲ್ಲಿ, ವೀರಪ್ಪ ಡಾಕ್ಟರರ ದವಾಖಾನೆಯಲ್ಲಿ.

ಆ ದವಾಖಾನೆ ಮೊದಲು ಹತ್ತಿ ತುಂಬಿಡುವ ವಖಾರಿಯಾಗಿತ್ತು. ಒಂದೇ ಉದ್ದನೆಯ ಕೋಣೆ, ಹತ್ತು ಮಂಚ. ಗಂಡಸರ ಕಡೆ ಐದು, ಹೆಂಗಸರ ಕಡೆ ಐದು, ನಡುವೆ ಒಂದು ಬಿಳಿ ಪರದೆ. ಊರಿಗೆ ಬಂದ ತಂಬುವಿನ ಸಿನಿಮಾದವರು ಹರಿದುಹೋಯಿತೆಂದು ಬಿಟ್ಟುಹೋದ ಪರದೆ ಅದು. ಅದರ ಮೇಲೆ ಎಷ್ಟು ರಾಜರು, ಎಷ್ಟು ಸೇನಾಪತಿಗಳು ಸತ್ತಿದ್ದರೆಂದು ನನಗೆ ಬಾಯಿಪಾಠವಿತ್ತು. ಅಲ್ಲಿ ಸಾಯುವವರು ಎದೆಯ ಮೇಲೆ ಕೈಯಿಟ್ಟುಕೊಂಡು ಕೊನೆಗೆ ನಾಲ್ಕು ಮಾತಾದರೂ ಆಡಿಯೇ ಸಾಯುತ್ತಾರೆ. ಸಾತಪ್ಪನಿಗೆ ಬಾಯಿಯೇ ತೆರೆಯಲಿಲ್ಲ.

ನಾನು ಅಲ್ಲಿದ್ದದ್ದು ನನ್ನ ಅಕ್ಕ ಗೌರವ್ವನ ಕಾವಲಿಗೆ. ನಮ್ಮೂರು ತುಕ್ಕಾನಟ್ಟಿ. ಅಕ್ಕನನ್ನು ಕೊಟ್ಟದ್ದು ಕಲ್ಲೋಳಿಗೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವಳ ಹೊಟ್ಟೆ ಮುಂದೆ ಬಂದಿತು. ಕಲ್ಲೋಳಿಯ ಹೆಂಗಸರು ಏಳು ತಿಂಗಳು ಬೆರಳು ಮಡಚಿ ಲೆಕ್ಕ ಹಾಕಿದರು. ಎಂಟನೆಯ ತಿಂಗಳಲ್ಲಿ ನೋವು ಜಾಸ್ತಿಯಾಗಿ ಇಲ್ಲಿಗೆ ತಂದಾಗ ವೀರಪ್ಪ ಡಾಕ್ಟರರು ಕೈಯಿಟ್ಟು ನೋಡಿ, ಇದು ಕೂಸಲ್ಲ, ಗಡ್ಡೆ ಎಂದರು. ತೆಗೆದರು. ತೆಂಗಿನಕಾಯಿಯಷ್ಟಿತ್ತು. ಅಕ್ಕ ಅದನ್ನು ನೋಡಬೇಕೆಂದು ಕೇಳಲಿಲ್ಲ. ಎಚ್ಚರವಾದ ಮೇಲೆ ನನ್ನನ್ನು ಕೇಳಿದ್ದು ಒಂದೇ ಮಾತು: "ಉಂಡ್ಯೇನೋ?"

ಇದಾಗಿ ಐದು ದಿನವಾಗಿತ್ತು, ಸಾತಪ್ಪ ಸತ್ತಾಗ.

ಅವನ ಕಡೆಯವರು ಹೆಣ ಒಯ್ದ ಮೇಲೆ ಡಾಕ್ಟರರು ಪರದೆ ಸರಿಸಿ, ಎರಡೂ ಕಡೆಯವರಿಗೆ ಕಾಣುವ ಹಾಗೆ ನಡುವೆ ನಿಂತರು. ಮುಖ ತೊಳೆದುಕೊಂಡು ಬಂದಿದ್ದರು. ಕೈಯಲ್ಲಿ ಒಂದು ಸಣ್ಣ ತಗಡಿನ ಡಬ್ಬಿ.

"ಎಲ್ಲಾರೂ ಕೇಳ್ರಿ. ಸಾತಪ್ಪಗ ಆದದ್ದು ಧನುರ್ವಾಯು. ಆ ಜಡ್ಡಿನ ಬೀಜ ಕಣ್ಣಿಗಿ ಕಾಣಾಂಗಿಲ್ಲ. ನಾ ಗಾಯ ಹೊಲಿಯೂ ದಾರದಾಗ ಬಂದೈತಿ ಅಂತ ನನಗ ಸಂಶೇ ಐತಿ. ನಾ ಕುದಿಸಿದ್ದು ಸಾಕಾಗಿಲ್ಲ. ತಪ್ಪು ನಂದು. ಇದ ಡಬ್ಬಿ ದಾರದಲೇ ನಿಮ್ಮ ಎಂಟೂ ಮಂದೀನ ಹೊಲದೇನಿ."

ಅಕ್ಕನ ಬಾಜೂ ಮಂಚದಲ್ಲಿ ಮೂಡಲಗಿಯ ಶಿವವ್ವ ಇದ್ದಳು. ಅರವತ್ತು ದಾಟಿದ ಮುದುಕಿ, ಬೆನ್ನಿನ ಗಂಟು ತೆಗೆಸಿಕೊಂಡು ಬೋರಲಾಗಿ ಮಲಗಿದ್ದವಳು. ಅವಳು ಕತ್ತು ಮಾತ್ರ ಎತ್ತಿ ಕೇಳಿದಳು.

"ದಾರ ಎದರದ್ರೀ ಅದು?"

"ಕುರಿ ಕರಳಿಂದು."

ಶಿವವ್ವನ ಕೈ ಕೊರಳಿನ ಲಿಂಗದ ಹತ್ತಿರ ಹೋಯಿತು. "ಕುರಿ ಕರಳು ನನ್ನ ಬೆನ್ನಾಗ ಇಟ್ಟ ಹೊಲದೀರಿ. ನನಗೊಂದ ಮಾತ ಹೇಳಲಿಲ್ಲ."

"ಹೇಳಿದ್ರ ಬ್ಯಾಡ ಅಂತಿದ್ರಿ."

"ಅಂತಿದ್ದೆ."

"ಅದಕ್ಕ ಹೇಳಲಿಲ್ಲ."

ಶಿವವ್ವ ಲಿಂಗದಿಂದ ಕೈ ತೆಗೆದಳು. "ಆತು. ಈಗ ಔಷಧ ಎದರದು? ಅದನ್ನರ ಮೊದಲ ಹೇಳ್ರಿ."

"ಕುದುರಿದು."

"ಕುರಿ ಮಾಡಿದ್ದಕ್ಕ ಕುದುರಿ ಪ್ರಾಯಶ್ಚಿತ್ತೇನ್ರಿ?"

ಡಾಕ್ಟರರು ಸಿಟ್ಟಾಗಲಿಲ್ಲ. ಅವರು ಸಿಟ್ಟಾದದ್ದನ್ನು ಆವರೆಗೆ ಯಾರೂ ನೋಡಿರಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಕುಳಿತು ಬಿಡಿಸಿ ಹೇಳಿದರು. "ಈ ಜಡ್ಡಿನ ವಿಷಾನ ಕುದುರಿಗಿ ಒಂದೀಟ ಒಂದೀಟ ಚುಚ್ಚತಾರ. ಕುದುರಿ ಸಾಯಾಂಗಿಲ್ಲ. ಆ ವಿಷಕ್ಕ ತನ್ನ ಮೈಯಾಗ ಒಂದು ಎದರಾಳಿ ತಯಾರ ಮಾಡಕೋತೈತಿ. ಆಮ್ಯಾಲ ಅದರ ರಕ್ತದ ಮ್ಯಾಲಿನ ತಿಳಿ ತಗದು ಸೀಸೇದಾಗ ತುಂಬತಾರ. ಅದಕ್ಕ ಸೀರಮ್ ಅಂತಾರ. ಜಡ್ಡು ಹತ್ತೂಕಿಂತ ಮೊದಲ ಚುಚ್ಚಿದ್ರ ಜೀವ ಉಳೀತೈತಿ. ಹತ್ತಿದ ಮ್ಯಾಲ ಚುಚ್ಚಿದ್ರ ಉಪಯೋಗಿಲ್ಲ, ಸಾತಪ್ಪನ ಹಂಗ ಆಗತೈತಿ."

ನಾನು ನಡುವೆ ಬಾಯಿ ಹಾಕಿದೆ. ಯುದ್ಧ ಶುರುವಾಗಿ ಎರಡನೆಯ ವರ್ಷ ಅದು. ಸೈನ್ಯ ಸೇರಿದ ನಮ್ಮೂರ ಹುಡುಗನೊಬ್ಬ ಪತ್ರದಲ್ಲಿ ಸೂಜಿಗಳ ಸುದ್ದಿ ಬರೆದಿದ್ದ. "ಮಿಲ್ಟ್ರಿ ಮಂದಿಗಿ ಗಾಯ ಆಗೂಕಿಂತ ಮೊದಲ ಚುಚ್ಚತಾರಂತಲ್ರಿ?"

"ಅದು ಲಸಿಕಿ. ಲಸಿಕಿ ಅಂದ್ರ ನಿನ್ನ ಮೈಗೆ ಅಡಗಿ ಮಾಡಾಕ ಕಲಸೂದು. ಕಲಿಯಾಕ ತಿಂಗಳಗಟ್ಟಲೆ ಬೇಕು. ಸೀರಮ್ ಅಂದ್ರ ಕುದುರಿ ಮಾಡಿಟ್ಟ ತಯಾರ ಅಡಗಿ ತಂದು ಹಸದಾಂವಗ ಉಣಸೂದು. ನಮಗ ಕಲಿಯಾಕ ಈಗ ಟೈಮ್ ಇಲ್ಲ."

ಬೆಳಗಾವಿಯಲ್ಲಿ ಸೀರಮ್ ಇರಲಿಲ್ಲ, ಮಿರಜಿನಲ್ಲೂ ಇರಲಿಲ್ಲ. ಇದ್ದದ್ದೆಲ್ಲ ಸೈನ್ಯಕ್ಕೆ ಹೋಗಿತ್ತು. ಮುಂಬಯಿಯ ಪರೇಲಿನಲ್ಲಿ ತಯಾರಿಸುವ ಕಡೆ ಸಿಗುತ್ತದೆ. ಆದರೆ ಪಾರ್ಸಲ್ ಹಾಕಿದರೆ ಆ ದಿನಗಳಲ್ಲಿ ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಯಾರಾದರೂ ಕೈಯಲ್ಲೇ ತೆಗೆದುಕೊಂಡು, ಬರ್ಫದಲ್ಲಿ, ಎಂದರೆ ಮಂಜುಗಡ್ಡೆಯಲ್ಲಿ ಇಟ್ಟು, ರೈಲು ಹತ್ತಬೇಕು. "ಮುಂಬಯ್ಯಾಗ ಯಾರರ ಅದಾರೇನು?" ಎಂದು ಡಾಕ್ಟರರು ಕೇಳಿದರು.

ನಮ್ಮ ಸತ್ಯಪ್ಪ ಇದ್ದ. ಕುಲಗೋಡದವನು, ಸೋದರತ್ತೆಯ ಮಗ. ಪರೇಲಿನಲ್ಲೇ ಒಂದು ಖಾನಾವಳಿಯಲ್ಲಿ ಅಡುಗೆಯವನು. ನಾನು ಹೇಳಿದೆ.

"ಚಲೋ ಆತು. ಸೀರಮ್ ಕೊಡೋರಿಗಿ ನಾ ಇಂಗ್ಲಿಷಿನ್ಯಾಗ ತಾರು ಬರದ ಕೊಡ್ತೇನಿ. ನಿಮ್ಮ ಸತ್ಯಪ್ಪಗ ನೀ ಒಂದ ಬರಿ. ನಿನಗ ಇಂಗ್ಲಿಷ್ ಬರತೈತಲ್ಲ?"

ನಾನು ಉತ್ತರ ಕೊಡುವ ಮೊದಲು ಮಂಚದಿಂದ ಅಕ್ಕನ ದನಿ ಬಂತು. "ಬರತೈತ್ರಿ. ನಮ್ಮ ಪರಪ್ಪ ಫೋರ್ಥ್ ಇಂಗ್ಲಿಷ್ ಓದ್ಯಾನ."

ಇಂಗ್ಲಿಷ್ ಶಾಲೆಯ ನಾಲ್ಕನೆಯ ತರಗತಿ ಎಂದರ್ಥ. ಅಷ್ಟು ಹೇಳಿ ಹೊಲಿಗೆ ಎಳೆದದ್ದಕ್ಕೆ ಹೊಟ್ಟೆ ಹಿಡಿದುಕೊಂಡಳು.

"ಎಂಟ ಸೀರಮ್ ಏನ್ರಿ?" ಎಂದು ನಾನು ಕೇಳಿದೆ.

ಡಾಕ್ಟರರಿಗೆ ಎರಡು ವಿಷಯದಲ್ಲಿ ತಪ್ಪು ಸಹಿಸಲು ಆಗುತ್ತಿರಲಿಲ್ಲ: ಕೈ ತೊಳೆಯುವುದು ಮತ್ತು ವ್ಯಾಕರಣ. "ಒಂದಾದ್ರ ಸೀರಮ್, ಎಂಟಾದ್ರ ಸೀರಾ. ಲ್ಯಾಟಿನ್ ಭಾಷಾದ ನಿಯಮ. ಫೋರ್ಥ್ ಇಂಗ್ಲಿಷ್ ಓದಿ ಇಷ್ಟ ಗೊತ್ತಿಲ್ಲ?"

"ಗೊತ್ತೈತ್ರಿ. ನಿಮಗ ಗೊತ್ತೈತೇನಂತ ನೋಡಿದೆ."

ಟೆಲಿಗ್ರಾಂ ಕಳಿಸುವ ತಾರು ಕಚೇರಿಯಲ್ಲಿ ಡಾಕ್ಟರರ ಚೀಟಿ ಕೊಟ್ಟೆ. ನನ್ನದನ್ನು ಬರೆಯಲು ನಿಂತೆ. ಸತ್ಯಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಯಾರಾದರೂ ಓದಿ ಹೇಳಿದರೆ ತಿಳಿಯಬೇಕು, ಆದ್ದರಿಂದ ಮಾತು ಕನ್ನಡ, ಅಕ್ಷರ ಮಾತ್ರ ಇಂಗ್ಲಿಷ್ ಎಂದು ನಿರ್ಧರಿಸಿದೆ. ಇದು ನನ್ನ ಜಾಣತನವೆಂದೇ ಆಗ ತಿಳಿದಿದ್ದೆ. ತಂಬುವಿನಲ್ಲಿ ಕಲಿತದ್ದು ಒಂದಿತ್ತು: ಮಾತು ಚಿಕ್ಕದಿರಬೇಕು, ಎದೆಗೆ ತಾಗಬೇಕು. ಬರೆದದ್ದು ಇಷ್ಟು:

ಪರೇಲ್ ಸೀರಾ ಎಂಟು ಮಂದಿಗಿ ಬರ್ಫ ಹಾಕಿ ತಾ. ಗೌರಕ್ಕನ ಜೀವಕ್ಕ ಬೇಕ. ಲಗೂ ಬಾ.

ತಾರಿನ ಬಾಬು ಕನ್ನಡಕ ಏರಿಸಿ ಓದಿದ. "ಸೀರಾ ಅಂದ್ರೇನೋ?"

"ಬಹುವಚನ," ಎಂದೆ.

ಮಂಗಳವಾರ ಕಳೆಯಿತು. ಡಾಕ್ಟರರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಂದು ಎಂಟೂ ಜನರಿಗೆ ಬಾಯಿ ತೆರೆಯಲು ಹೇಳುತ್ತಿದ್ದರು. ಎಂಟೂ ಜನ ಸಾಲಾಗಿ ಬಾಯಿ ತೆರೆಯುತ್ತಿದ್ದರು. ಡಾಕ್ಟರರು ಒಂದೊಂದರೊಳಗೂ ಇಣುಕಿ, ತಲೆಯಾಡಿಸಿ ಹೋಗುತ್ತಿದ್ದರು. ಅಕ್ಕ ನಗುತ್ತಲೇ ತೆರೆಯುತ್ತಿದ್ದಳು.

ಬುಧವಾರ ಬೆಳಿಗ್ಗೆ ಗೋಕಾಕ ರೋಡ್ ಸ್ಟೇಷನ್ನಿನಿಂದ ಟಾಂಗಾ ಬಂದು ನಿಂತಿತು. ಸತ್ಯಪ್ಪ ಇಳಿದ. ಎರಡೂ ಕೈಯಲ್ಲಿ ಎರಡು ದೊಡ್ಡ ಹಿತ್ತಾಳೆಯ ಡಬ್ಬಿ, ಬಗಲಲ್ಲಿ ಒಂದು ಗಂಟು. ನಾನು ಎದುರು ಓಡಿದೆ. ಡಬ್ಬಿ ಬಿಸಿಲಿಗೆ ಬೆಚ್ಚಗಿದ್ದವು. ಬರ್ಫದಲ್ಲಿಟ್ಟ ವಸ್ತು ಬೆಚ್ಚಗೇಕಿದೆ ಎಂದು ಆಗಲೇ ನನಗೆ ಅನಿಸಬೇಕಿತ್ತು.

ಸತ್ಯಪ್ಪ ಯಾರನ್ನೂ ಕೇಳದೆ ನೇರವಾಗಿ ಹೆಂಗಸರ ಕಡೆ ಹೋಗಿ ಅಕ್ಕನ ಕಾಲ ಬಳಿ ನಿಂತ. ಖಾನಾವಳಿಯಲ್ಲಿ ನೂರು ಜನರ ಗದ್ದಲದ ಮೇಲೆ ಕೂಗಿ ಕೂಗಿ ಅವನ ದನಿಗೆ ಬೇರೆ ಅಳತೆಯೇ ಇರಲಿಲ್ಲ.

"ಯಕ್ಕಾ! ತಾರು ಕೈಯಾಗ ಬಿದ್ದ ತಕ್ಷಣ ಒಲಿ ಹೊತ್ತಿಸಿದೆ ನೋಡ! ನಿನಗ ದಿನಾ ಹೋಗ್ಯಾವ ಅಂತ ಅವ್ವ ಪತ್ರ ಬರಸಿದ್ಲು. ಜೀವಕ್ಕ ಬೇಕ ಅಂತ ಇಂವ ತಾರು ಹೊಡದ. ಬಯಕಿ ಅಂದ್ರ ಬಯಕಿ, ಕಾಯಾಕ ಬರತೈತೇನು?" ಡಬ್ಬಿಯ ಮುಚ್ಚಳ ತೆಗೆದ. ತುಪ್ಪದಲ್ಲಿ ಹುರಿದ ರವೆ, ಸಕ್ಕರೆಯ ವಾಸನೆ ಇಡೀ ವಖಾರಿಗೆ ಹಬ್ಬಿತು. "ಶಿರಾ ಮ್ಯಾಲ ಬರ್ಫಿ ಹಾಕಿ ತಾ ಅಂದ್ರಿ. ಇದ್ಯಾವ ನಮೂನಿ ಬಯಕಿ ಅಂತ ನನಗೂ ತಿಳೀಲಿಲ್ಲ. ಬಸರಿ ಹೆಣ್ಮಗಳ ಬಯಕಿಗಿ ಹೆಸರಿಡಬಾರದು ಅಂತ ಹಾಕಿದೆ. ಎಂಟ ಮಂದಿದು ಒಬ್ಬಾಕಿ ಉಣ್ತಾಳಂದ್ರ ಅವಳಿಜವಳಿ ಇರಬೇಕು!"

ಬಗಲಿನ ಗಂಟು ಬಿಚ್ಚಿ ಹಸಿರು ಸೀರೆ, ಹಸಿರು ಬಳೆ ಅವಳ ಹಾಸಿಗೆಯ ಮೇಲಿಟ್ಟ.

ಇಂಥ ಹೊತ್ತಿನಲ್ಲಿ ತಂಬುವಿನಲ್ಲಾದರೆ ಪಿಟೀಲು ಕೇಳಿಸುತ್ತದೆ. ಇಲ್ಲಿ ಕಂಪೌಂಡರ್ ಕೆಮ್ಮಿದ್ದು ಮಾತ್ರ ಕೇಳಿಸಿತು. ಅಕ್ಕನ ಹೊಟ್ಟೆಗೆ ಬಿಳಿ ಪಟ್ಟಿ ಸುತ್ತಿತ್ತು, ಚಪ್ಪಟೆಯಾಗಿತ್ತು. ಅವಳು ಬಳೆ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು.

ಡಾಕ್ಟರರು ಕೈ ಒರೆಸಿಕೊಳ್ಳುತ್ತ ಬಂದರು. "ಬಂತೇನು? ಸೀರಾ ಎಲ್ಲಿ?"

"ಇಲ್ಲೈತ್ರಿ ಸಾಹೇಬ್ರ," ಸತ್ಯಪ್ಪ ಡಬ್ಬಿ ಮುಂದೆ ಹಿಡಿದ.

"ಇದೇನು?"

"ಶಿರಾರಿ."

"ಅಲ್ಲಪಾ, ಸೀರಾ."

"ಹೌದ್ರಿ, ಶಿರಾ. ತುಪ್ಪ ಕಡಿಮಿ ಆಗಿಲ್ಲರಿ, ನೋಡ್ರಿ ಬೇಕಾದ್ರ."

ಇದು ನಾಲ್ಕು ಸಲ ನಡೆಯಿತು. ನಾಲ್ಕನೆಯ ಸಲಕ್ಕೆ ಡಾಕ್ಟರರಿಗೆ ತಿಳಿಯಿತು. ಅವರು ತಿರುಗಿ ನನ್ನ ಕಡೆ ನೋಡಿದರು. ಎಂಟೂ ಮಂಚದವರು ನೋಡಿದರು. ಅಕ್ಕನನ್ನು ಬಿಟ್ಟು.

ಅವರು ನನ್ನನ್ನು ಹಾಗೆ ನೋಡಲು ಕಾರಣವಿತ್ತು. ಹಿಂದಿನ ವಾರ ನಾನು ಖಾಲಿ ಮಂಚದ ಮೇಲೆ ಹೆಣದಂತೆ ಹೊದ್ದು ಮಲಗಿದ್ದೆ. ಕಂಪೌಂಡರ್ ಬಂದು ಹೊದಿಕೆ ಎತ್ತಿದಾಗ ಎದ್ದು ಕುಳಿತು, "ನ್ಯಾಯ ಸಿಗುವ ತನಕ ಈ ಪ್ರಾಣ ಹೋಗದು!" ಎಂದಿದ್ದೆ. ಕಂಪೌಂಡರ್ ಎರಡು ದಿನ ರಜೆ ಹಾಕಿದ್ದ. ಅದಕ್ಕೆ ಮೊದಲು ಗುಳಿಗೆಯ ಸೀಸೆಯಲ್ಲಿ ಪುಟಾಣಿ ಕಡಲೆ ತುಂಬಿದ್ದೂ ನಾನೇ. ಇಂಥವನು ತಾರು ಬರೆದ, ಶಿರಾ ಬಂತು. ಮುಂದಿನದು ಯಾರಾದರೂ ಹೇಳಬಹುದಾದದ್ದು.

"ಬೇಕಂತ ಮಾಡಿಲ್ಲರಿ," ಎಂದೆ.

"ಎಂಟ ಮಂದಿ ಜೀವಲೇ," ಎಂದರು ಡಾಕ್ಟರರು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ಮೇಜಿಗೆ ಹೋಗಿ ತಮ್ಮ ಕೈಯಾರೆ ಪತ್ರ ಬರೆದು, ಮಡಚಿ ಸತ್ಯಪ್ಪನಿಗೆ ಕೊಟ್ಟು, ಬಂದ ಟಾಂಗಾದಲ್ಲೇ ಹಿಂದೆ ಕಳಿಸಲು ಎದ್ದರು. ಅವನ ಕೈಗೆ ಬರ್ಫ ಇಡುವ ಥರ್ಮಾಸ್ ಕೊಟ್ಟರು.

"ನಾ ಹೋಗ್ತೇನ್ರಿ," ಎಂದೆ.

"ನೀ ಹ್ವಾದ್ರ ಕುದುರಿನ ಹೊಡಕೊಂಡ ಬರ್ತಿ."

ಸತ್ಯಪ್ಪನಿಗೆ ನಡೆದದ್ದನ್ನು ನಾನು ಟಾಂಗಾದ ಬಳಿ ಹೇಳಿದೆ. ಅವನು ಹತ್ತುವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಹಾಗೆಯೇ ನಿಂತ. "ಕೂಸಲ್ಲೇನೋ ಅದು?" ಎಂದ. ಆಮೇಲೆ ಮೊದಲ ಸಲ ಸಣ್ಣ ದನಿಯಲ್ಲಿ, "ಬಳಿ ತಗದು ಎಲ್ಲೆರ ಇಡೋ," ಎಂದ. ಅವನು ಹೋಗಿ ಮುಂಬಯಿ ಮುಟ್ಟಿ ಹಿಂದಿರುಗಲು ಶುಕ್ರವಾರವಾಗುತ್ತದೆ.

ಡಾಕ್ಟರರು ಶಿರಾ ಎಸೆಯಲು ಬಿಡಲಿಲ್ಲ. ಧನುರ್ವಾಯು ಬರುವವನಿಗೆ ಮೊದಲು ಕೈಕೊಡುವುದು ದವಡೆ, ಆದ್ದರಿಂದ ಎಲ್ಲರೂ ತಮ್ಮ ಕಣ್ಣೆದುರಿಗೆ ಅಗಿದು ತೋರಿಸಬೇಕು ಎಂದರು. ಏಳು ಜನ ತೋರಿಸಿದರು. ಶಿವವ್ವ ಎರಡು ಸಲ ತೋರಿಸಿದಳು. ಎಂಟನೆಯವಳು ಅಕ್ಕ. ಅವಳು ಬಾಯಿ ತೆರೆಯಲಿಲ್ಲ.

"ತಂಗೆವ್ವಾ, ಬಾಯಿ ತೆರಿ."

ಇಲ್ಲ.

"ತೆರಿಯಾಕ ಬರವಲ್ದೋ, ನೀ ತೆರಿಯಾಕ ಒಲ್ಲೆಯೋ? ತಲಿಯರ ಅಲ್ಲಾಡಸು."

ಅದೂ ಇಲ್ಲ. ಡಾಕ್ಟರರು ಗಲ್ಲ ಹಿಡಿದು ಮೆಲ್ಲನೆ ಒತ್ತಿ ನೋಡಿದರು, ಕತ್ತು ಎತ್ತಿ ನೋಡಿದರು, ಹೊರಗೆ ಬಂದರು. ನಾನು ಹಿಂದೆ ಹೋದೆ.

"ಏನ್ರೀ?"

"ಹಲ್ಲು ಬಿಗಿಹಿಡದಾಳ. ಸಿಟ್ಟಿಗಿ ಹಿಡದಾಳೋ ಜಡ್ಡಿಗಿ ಹಿಡದಾಳೋ, ಕೈಗಿ ಒಂದ ನಮೂನಿ ಹತ್ತತೈತಿ."

"ಹೆಂಗ ತಿಳೀಬೇಕ್ರಿ ಮತ್ತ?"

"ಸಿಟ್ಟಾಗಿದ್ರ ಬಾಯಿ ತೆರೀತಾಳ. ಜಡ್ಡಾಗಿದ್ರ ನಾಳೆ ನಾಡದು ಬೆನ್ನು ಬಾಗತೈತಿ."

ಬುಧವಾರ ಇಡೀ ದಿನ ಅವಳ ತಲೆಯ ಬಳಿ ಕುಳಿತೆ. ಶಿವವ್ವನ ಕಾವಲಿಗಿದ್ದ ಸೊಸೆ ಚಮಚೆಯಲ್ಲಿ ಗಂಜಿ ಹಾಕಿದರೆ ತುಟಿಯಷ್ಟೇ ಸರಿಸಿ ಹಲ್ಲಿನ ಸಂದಿಯಿಂದ ನುಂಗುತ್ತಿದ್ದಳು. ಸಾತಪ್ಪನೂ ಒಂಬತ್ತನೆಯ ದಿನ ಹೀಗೆಯೇ ಗಂಜಿ ಕುಡಿದಿದ್ದ. ಪರದೆಯ ಸಂದಿನಿಂದ ನಾನು ನೋಡಿದ್ದೆ. ಅಂದು ಅದನ್ನು ನಕಲು ಮಾಡಿ ಅಕ್ಕನಿಗೆ ತೋರಿಸಿದ್ದೆ ಕೂಡ.

ಗುರುವಾರ ನನಗೆ ಬರುವ ವಿದ್ಯೆಯೆಲ್ಲ ತೆಗೆದೆ. ನನಗೆ ಬರುತ್ತಿದ್ದದ್ದು ಒಂದೇ. ಮಂಚದ ಮುಂದೆ ಮಂಡಿಯೂರಿ, ಹೆಗಲ ಮೇಲಿನ ವಸ್ತ್ರ ಕೊರಳಿಗೆ ಸುತ್ತಿ, ಕೈ ಚಾಚಿದೆ.

"ಎಲೈ ಸೋದರಿ! ಈ ಪಾಪಿಯ ಶಿರವನ್ನು ಬೇಕಾದರೆ ಕತ್ತರಿಸು! ಆದರೆ ಮೌನವೆಂಬ ಬಾಣ ಬಿಡಬೇಡ!"

"ಶಿರಾದ ಸುದ್ದಿ ಮತ್ಯಾಕ ತಗೀತೀಲೇ ಭಾಡ್ಯಾ?" ಎಂದಳು ಶಿವವ್ವ ಬಾಜೂ ಮಂಚದಿಂದ.

ಪರದೆಯ ಆಚೆ ಗಂಡಸರು ಹೊಲಿಗೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. ಅವಳನ್ನು ನಗಿಸುವುದು ನನಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಚಿಕ್ಕವನಿದ್ದಾಗ ಅಪ್ಪನ ಕೆಮ್ಮು ಕೆಮ್ಮಿದರೆ ಸಾಕು, ಬೀಸುಕಲ್ಲು ಬಿಟ್ಟು ನಗುತ್ತಿದ್ದಳು. ಅಪ್ಪನ ಕೆಮ್ಮನ್ನೂ ಕೆಮ್ಮಿದೆ. ಡಾಕ್ಟರರು ಬಂದು ನನಗೇ ಬಾಯಿ ತೆರೆಯಲು ಹೇಳಿದರು.

ಆಣೆ ಮಾಡಿದೆ. ಬಸವಣ್ಣನ ಮೇಲೆ, ಅವ್ವನ ಮೇಲೆ, ಅನ್ನದ ಮೇಲೆ. "ಬೇಕಂತ ಮಾಡಿಲ್ಲ ಅಕ್ಕಾ. ತಾರು ತಪ್ಪಾತು, ಅಷ್ಟ." ಅವಳು ಗೋಡೆಯ ಸುಣ್ಣ ನೋಡುತ್ತಿದ್ದಳು.

ಸಂಜೆ ಶಿವವ್ವ ನನ್ನನ್ನು ಕೈಸನ್ನೆ ಮಾಡಿ ಕರೆದಳು. ಬೋರಲಾಗಿ ಮಲಗಿದವಳ ಹತ್ತಿರ ಮಾತಾಡಬೇಕಾದರೆ ನೆಲದ ಮೇಲೆ ಕುಳಿತು ಮುಖ ಮೇಲೆತ್ತಬೇಕಿತ್ತು.

"ನೀ ಎಷ್ಟ ಆಣಿ ಮಾಡಿದ್ರೂ ಅಕಿ ನಂಬಾಂಗಿಲ್ಲಲೇ."

"ಯಾಕ ಬೇ ಯಮ್ಮಾ? ಖರೇನ ತಪ್ಪಾಗೇತಿ."

"ಇಂಗ್ಲಿಷ್ ಕಲತಾಂವ ಅಂಥಾ ತಪ್ಪ ಮಾಡ್ತಾನೇನು? ನಾ ಇಲ್ಲಿ ಬಂದಾಗಿಂದ ಕೇಳಾಕತ್ತೇನಿ. ನಮ್ಮ ಪರಪ್ಪಗ ಇಂಗ್ಲಿಷ್ ಬರತೈತಿ, ನಮ್ಮ ಪರಪ್ಪ ಫೋರ್ಥ್ ಇಂಗ್ಲಿಷ್. ಡಾಕ್ಟರಗೂ ಹೇಳಿದ್ಲು, ಕಸಾ ಹೊಡ್ಯಾಕಿಗೂ ಹೇಳಿದ್ಲು. ಅಷ್ಟ ಕಲತಾಂವ ತಪ್ಪ ಬರದಾನಂದ್ರ ಬೇಕಂತನ ಬರದಾನ. ಅಕಿ ಲೆಕ್ಕ ಅದು. ನನ್ನ ಲೆಕ್ಕನೂ ಅದ."

ನಾನು ನೆಲದ ಮೇಲೆ ಕುಳಿತೇ ಇದ್ದೆ. ಶಿವವ್ವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಬಿಡುಗಡೆಗೆ ಒಂದೇ ಬಾಗಿಲಿತ್ತು. ಅದರ ಆಚೆ ಏನಿದೆಯೆಂದು ನನ್ನೊಬ್ಬನಿಗೇ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅಕ್ಕನ ಕತ್ತು ಸ್ವಲ್ಪ ಹಿಂದಕ್ಕೆ ಹೋದಂತೆ ಕಂಡಿತು. ದಿಂಬು ಜಾರಿದ್ದಕ್ಕೋ ಏನೋ. ಡಾಕ್ಟರರು ನೋಡಿ, ಸ್ಟೇಷನ್ನಿನ ದಾರಿಯ ಕಡೆಯ ಕಿಟಕಿಗೆ ಹೋಗಿ ನಿಂತರು.

ನಾನು ಮಂಚದ ಆಚೆ, ಗೋಡೆಯ ಬದಿಗೆ ನುಸುಳಿ, ಅವಳ ಮುಖದ ಎದುರಿಗೆ ಕುಳಿತೆ. ವಸ್ತ್ರ ಕೊರಳಿಗೆ ಸುತ್ತಿಕೊಳ್ಳಲಿಲ್ಲ.

"ಅಕ್ಕಾ, ನನಗ ಇಂಗ್ಲಿಷ್ ಬರಾಂಗಿಲ್ಲ."

ಅವಳ ಕಣ್ಣು ನನ್ನ ಮೇಲೆ ಬಂತು.

"ಸೆಕೆಂಡ್ ಇಂಗ್ಲಿಷಿನ್ಯಾಗ ನಪಾಸಾದೆ. ಮೂರನೇ ವರ್ಷ ಸಾಲಿಗಿ ಹೋಗಲೇ ಇಲ್ಲ. ನಾಕನೇ ವರ್ಷನೂ ಇಲ್ಲ. ಸೀರಾ ಅಂದ್ರ ಹೆಂಗ ಬರೀಬೇಕು ಅಂತ ನನಗ ಗೊತ್ತಿಲ್ಲ. ಕಿವಿಗಿ ಬಿದ್ದಂಗ ಬರದೆ."

ಇನ್ನೂ ಒಂದು ಉಳಿದಿತ್ತು.

"ವಾರಕ್ಕೊಮ್ಮೆ ನೀ ಬುತ್ತಿ ಹೊತಗೊಂಡ ಚಕ್ಕಡ್ಯಾಗ ಇಲ್ಲೆ ಗೋಕಾಕಕ್ಕ ಬರ್ತಿದ್ದಿಲ್ಲ? ನಾ ಸಾಲಿ ಗೇಟಿನ್ಯಾಗ ನಿಂತಿರತಿದ್ದೆ. ಒಳಗಿಂದ ಬಂದ ನಿಂತಾಂವಲ್ಲ ಅಕ್ಕಾ. ತಂಬುವಿನ್ಯಾಗ ಮಲಗಿದಾಂವ, ನಿನ್ನ ಚಕ್ಕಡಿ ಗಂಟಿ ಸಪ್ಪಳ ಕೇಳಿ ಓಡಿ ಬಂದ ನಿಂತಾಂವ. ಎರಡ ವರ್ಷ."

ಅಕ್ಕನ ಗಲ್ಲ ನಡುಗಿತು. ಇದು ಜಡ್ಡಿನ ನಡುಕವೆಂದೇ ತಿಳಿದೆ. ಆಮೇಲೆ ತುಟಿ ಬಿಚ್ಚಿತು, ಹಲ್ಲು ಬಿಚ್ಚಿತು, ಬಾಯಿ ಪೂರಾ ತೆರೆಯಿತು, ಕಿರುನಾಲಿಗೆಯ ತನಕ ಕಂಡಿತು.

"ಏನಂದೀ?"

"ತೆರೀತ್ರಿ!" ಎಂದು ಶಿವವ್ವ ಕೂಗಿದಳು. "ಡಾಕ್ಟರ್ರ, ತೆರೀತು!"

"ಏನಂದೀ ಭಾಡ್ಯಾ? ಇನ್ನೊಮ್ಮೆ ಹೇಳ! ಗೇಟಿನ್ಯಾಗ? ನಾ ಮಳ್ಯಾಗ, ಬಿಸಲಾಗ, ಅತ್ತಿ ಕಣ್ಣ ತಪ್ಪಿಸಿ ರೊಟ್ಟಿ ಕಟಗೊಂಡ ಬಂದೆ. ಓದೂ ಹುಡುಗ, ಹಸದಿರ್ತಾನ ಅಂತ ಬಂದೆ. ನೀ ತಂಬುವಿನ್ಯಾಗ ಮಲಗಿ ಎದ್ದ ಬಂದ ಉಂಡಿ?"

ಡಾಕ್ಟರರು ಓಡಿ ಬಂದರು. ಅವಳು ಬೈಯುತ್ತಿರುವಾಗಲೇ ಬಾಯೊಳಗೆ ಇಣುಕಿದರು. ಅವಳು ಅವರ ತಲೆಯನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿ ಮುಂದುವರಿಸಿದಳು. ಡಾಕ್ಟರರು ಸ್ಟೂಲಿನ ಮೇಲೆ ಕುಳಿತು ಕನ್ನಡಕ ತೆಗೆದು ಒರೆಸಿಕೊಂಡರು. ತುಂಬ ಹೊತ್ತು ಒರೆಸಿಕೊಂಡರು.

ಟಾಂಗಾ ಬಂದದ್ದು ಆಗಲೇ. ಸತ್ಯಪ್ಪ ಥರ್ಮಾಸನ್ನು ಕೂಸಿನಂತೆ ಎದೆಗೆ ಅವುಚಿಕೊಂಡು ತುದಿಗಾಲಲ್ಲಿ ಬಂದ. ಒಳಗೆ ಎಂಟು ಸಣ್ಣ ಸೀಸೆ. ಡಾಕ್ಟರರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಕೈ ತೊಳೆದು, ಮತ್ತೆ ತೊಳೆದು, ಸೂಜಿ ಕುದಿಸಿ ಬಂದರು. ಮೊದಲು ಎಲ್ಲರ ತೋಳಿಗೂ ಒಂದು ಹನಿಯಷ್ಟೇ ಚುಚ್ಚಬೇಕು. ಆ ದೇಹಕ್ಕೆ ಕುದುರೆ ಒಗ್ಗುತ್ತದೋ ಇಲ್ಲವೋ ಎಂದು ಅರ್ಧ ತಾಸು ಕಾಯಬೇಕು. ಬಾವು ಬರದಿದ್ದರೆ ಉಳಿದದ್ದು ಪೂರ್ತಿ.

ಆ ಅರ್ಧ ತಾಸೂ ಅಕ್ಕ ಬೈದಳು. ಉಳಿದ ಏಳು ಜನ ತೋಳು ಹಿಡಿದುಕೊಂಡು ಕೇಳಿದರು. ನಡುವೆ ಒಂದು ಸಲ ಅವಳು ನಿಂತಳು, ಉಸಿರು ತೆಗೆದುಕೊಳ್ಳಲು ಎಂದು ನಾನು ತಿಳಿದೆ. ಅವಳು ದನಿ ಇಳಿಸಿದಳು.

"ಮಂದಿ ಏಳ ತಿಂಗಳ ನನ್ನ ಹೊಟ್ಟಿ ಎಣಿಸಿದ್ರು. ಕಡೀಕ ಗಡ್ಡಿ ಆತು. ಆದ್ರ ಆಗಲಿ, ನನಗ ಮಕ್ಕಳಿಲ್ಲಂದ್ರೂ ಸಾಲಿ ಕಲತ ತಮ್ಮ ಒಬ್ಬ ಅದಾನ ಅಂತ ಇದ್ದೆ. ಈಗ ಅದೂ ಗಡ್ಡಿನ ಆತು."

ಇದಕ್ಕೆ ಕೊಡಬಹುದಾದ ಉತ್ತರ ಯಾವ ತಂಬುವಿನಲ್ಲೂ ನಾನು ಕೇಳಿರಲಿಲ್ಲ. ಸತ್ಯಪ್ಪ ಕಿಟಕಿಯ ಹೊರಗೆ ನೋಡಿದ. ಡಾಕ್ಟರರು ಅವಳ ತೋಳು ನೋಡಿ, ಬಾವಿಲ್ಲವೆಂದು ಖಚಿತ ಮಾಡಿಕೊಂಡು, ಉಳಿದ ಔಷಧ ಚುಚ್ಚಿದರು. ಅವಳು ಸೂಜಿಯ ಕಡೆ ತಿರುಗಿಯೂ ನೋಡಲಿಲ್ಲ.

ಎಂಟೂ ಜನರದು ಮುಗಿದ ಮೇಲೆ ಡಾಕ್ಟರರು ದೊಡ್ಡ ಪುಸ್ತಕ ತೆರೆದು ಕಂಪೌಂಡರನನ್ನು ಕರೆದರು. ಯಾರಿಗೆ ಯಾವ ಹೊತ್ತಿಗೆ ಸೀರಮ್ ಚುಚ್ಚಿದೆ ಎಂದು ಬರೆದಿಡಬೇಕು. ಇನ್ನು ಎರಡು ವಾರ ದಿನಕ್ಕೆ ಮೂರು ಸಲ ದವಡೆ ನೋಡಿ ಅದರ ಮುಂದೆ ಗುರುತು ಹಾಕಬೇಕು. ಮೈಮೇಲೆ ತುರಿಕೆಯ ಗಂಧೆ ಎದ್ದರೆ ಹೆದರಬಾರದು, ಕುದುರೆಯ ಔಷಧಕ್ಕೆ ಹಾಗಾಗುತ್ತದೆ ಎಂದು ಎಲ್ಲರಿಗೂ ಹೇಳಬೇಕು.

"ಅಂವನ ಕೈಲೆ ಬರಸ್ರಿ," ಎಂದಳು ಅಕ್ಕ, ನನ್ನ ಕಡೆ ಬೆರಳು ಮಾಡಿ. "ಕನ್ನಡದಾಗ."

ಕಂಪೌಂಡರ್ ಡಾಕ್ಟರರ ಮುಖ ನೋಡಿದ. ಡಾಕ್ಟರರು ನನ್ನ ಮುಖ ನೋಡಿದರು. ಪುಸ್ತಕ ನನ್ನ ತೊಡೆಯ ಮೇಲೆ ಬಂತು.

ಎಂಟು ಹೆಸರು, ಎಂಟು ಊರು, ಹೊತ್ತು. ಬರೆಯುವಾಗ ಒಂದೊಂದು ಊರನ್ನೂ ಎರಡು ಸಲ ಕೇಳಿಕೊಂಡೆ. ಮುಗಿಸಿ ಕೊಡಲು ಎದ್ದೆ.

"ಕುಂದರು," ಎಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ. "ಏನ ಬರದೀ ಓದಿ ಹೇಳ. ಬಳ್ಳ ಇಟ್ಟ ಓದು."

ಬೆರಳಿಟ್ಟು ಓದಿದೆ. "ಗೌರವ್ವ. ಕಲ್ಲೋಳಿ. ಹನ್ನೊಂದು ಗಂಟೆ."

"ಹೂಂ. ಮುಂದ?"